ಗಡಿಯಾರ ನೋಡದೆ ಒಂದು ನಿಮಿಷ: ಕೈಯಾರೆ ಮಾಡಿ ಕಲಿಯುವ ಪಾಠ ಹೀಗೆ ನಡೆಸಿ

ಸ್ವತಂತ್ರವಾಗಿ ನಡೆಯುವ ಒಂದು ಸಣ್ಣ ಶಾಲೆಯಲ್ಲಿ ನಾನು ಆರನೇ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ನಮ್ಮಂಥ ಶಾಲೆಗಳಲ್ಲಿ ‘ಆಕ್ಟಿವಿಟಿ’ಗೆ ಕೊರತೆ ಇರುವುದಿಲ್ಲ. ಥರ್ಮೋಕೋಲ್, ಬಣ್ಣ, ಅಂಟು ಎಲ್ಲ ಬೀರುವಿನಲ್ಲಿ ತುಂಬಿರುತ್ತದೆ. ಆದರೆ ಎಷ್ಟೋ ಸಲ ಮಕ್ಕಳು ಮಾಡುವುದು ಟೀಚರ್ ಮೊದಲೇ ಮಾಡಿಟ್ಟ ಮಾದರಿಯ ನಕಲು ಅಷ್ಟೆ. ಮೂವತ್ತು ಮಕ್ಕಳ ಕೈಯಲ್ಲಿ ಮೂವತ್ತು ಒಂದೇ ತರದ ಜ್ವಾಲಾಮುಖಿ. ಮೊದಲ ಕೆಲವು ವರ್ಷ ನಾನೂ ಹಾಗೇ ಮಾಡಿಸಿದೆ. ನೋಡಲು ಚೆನ್ನಾಗಿತ್ತು, ಕಲಿತಿದ್ದು ಮಾತ್ರ ಕಡಿಮೆ.

ಈಗ ಪಾಠ ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಮಗು ಮಾಡಿದ್ದು ಸರಿಯೋ ತಪ್ಪೋ ಅಂತ ನಾನು ಹೇಳಬೇಕಾ, ಇಲ್ಲಾ ಕೈಯಲ್ಲಿರುವ ವಸ್ತುವೇ ಹೇಳುತ್ತದಾ? ಇದು ನನ್ನ ಸ್ವಂತ ಕಲ್ಪನೆಯಲ್ಲ. ಮರಿಯಾ ಮಾಂಟೆಸರಿ 1907ರಲ್ಲಿ ರೋಮ್‌ನಲ್ಲಿ ಮೊದಲ ಮಕ್ಕಳ ಮನೆ ತೆರೆದರು. ಅವರ ಕಲಿಕೆಯ ಸಾಮಗ್ರಿಗಳಲ್ಲಿ ಹತ್ತು ಗುಳಿಗಳಿರುವ ಒಂದು ಮರದ ದಿಮ್ಮಿ ಇದೆ, ಜೊತೆಗೆ ಹತ್ತು ಸಿಲಿಂಡರ್. ಒಂದನ್ನು ತಪ್ಪು ಗುಳಿಗೆ ಇಟ್ಟರೆ ಕೊನೆಗೆ ಒಂದು ಸಿಲಿಂಡರ್ ಎಲ್ಲೂ ಕೂರುವುದಿಲ್ಲ. ಮಗುವಿಗೆ ಯಾರೂ ಏನೂ ಹೇಳಬೇಕಾಗಿಲ್ಲ.

ಅಂಥ ಒಂದು ಪಾಠವನ್ನೇ ಪೂರ್ತಿ ಹೇಳುತ್ತೇನೆ. ಮಕ್ಕಳಿಗೆ ಕೊಡುವ ಸವಾಲು ಇಷ್ಟೇ: ‘ಗಡಿಯಾರ ನೋಡದೆ ಸರಿಯಾಗಿ ಒಂದು ನಿಮಿಷ ಅಳೆಯುವ ಸಾಧನ ಮಾಡಿ.’

ಮೊದಲು ಸಮಯ ಹೊಂದಿಸಿಕೊಳ್ಳಿ. 40 ನಿಮಿಷದ ಒಂದು ಪೀರಿಯಡ್ ಸಾಲದು. ಸಾಮಾನು ಹಂಚಿ ಕೂರುವಷ್ಟರಲ್ಲೇ ಗಂಟೆ ಹೊಡೆಯುತ್ತದೆ. ಎರಡು ಪೀರಿಯಡ್ ಸೇರಿಸಿ, ವಾರಕ್ಕೊಮ್ಮೆಯಂತೆ ಮೂರು ವಾರ ಬೇಕು. ಸ್ವತಂತ್ರ ಶಾಲೆಯಲ್ಲಿ ಟೈಂಟೇಬಲ್ ನಮ್ಮ ಕೈಯಲ್ಲೇ ಇರುತ್ತದೆ ಅಲ್ವಾ, ಆ ಅನುಕೂಲವನ್ನು ಬಳಸಿಕೊಳ್ಳಿ. ಗಣಿತದ ಟೀಚರ್ ಜೊತೆ ಮಾತಾಡಿದರೆ ಸುಲಭ. ಸರಾಸರಿ, ದಶಮಾಂಶ, ಗ್ರಾಫ್ ಎಲ್ಲ ಇದರಲ್ಲೇ ಬರುವುದರಿಂದ ಅವರ ಪೋರ್ಷನ್ನೂ ಮುಂದೆ ಹೋಗುತ್ತದೆ.

ಸಾಮಾನು ಜಾಸ್ತಿ ಬೇಡ. ದಾರ, ಕಬ್ಬಿಣದ ನಟ್ಟುಗಳು, ಪೇಪರ್ ಕ್ಲಿಪ್, ಖಾಲಿ ಪ್ಲಾಸ್ಟಿಕ್ ಬಾಟಲಿ, ಒಣಮರಳು, ಟೇಪು, ಸ್ಕೇಲು. ಬಾಟಲಿಗೆ ತೂತು ಮಾಡುವುದು ಮಾತ್ರ ನಿಮ್ಮ ಕೆಲಸ. ಎಲ್ಲವನ್ನೂ ಒಂದು ಮೇಜಿನ ಮೇಲೆ ಹರಡಿಡಿ. ಇದರಿಂದ ಹೀಗೆ ಮಾಡಿ ಅಂತ ಹೇಳಬೇಡಿ. ಮಾದರಿಯನ್ನಂತೂ ತೋರಿಸಲೇಬೇಡಿ. ಒಂದು ಮಾದರಿ ಕಣ್ಣಿಗೆ ಬಿದ್ದರೆ ಸಾಕು, ಇಡೀ ತರಗತಿ ಅದರ ಹಿಂದೆ ಹೋಗುತ್ತದೆ.

ಮೂವರ ಗುಂಪು ಸರಿಹೋಗುತ್ತದೆ. ಐದು ಜನರಾದರೆ ಇಬ್ಬರು ಸುಮ್ನೆ ನೋಡುತ್ತಾ ನಿಲ್ಲುತ್ತಾರೆ. ಒಬ್ಬರು ಸಾಧನ ನಡೆಸಲಿ, ಒಬ್ಬರು ಎಣಿಸಲಿ, ಒಬ್ಬರು ಸ್ಟಾಪ್‌ವಾಚ್ ಹಿಡಿದು ಬರೆಯಲಿ. ಸ್ಟಾಪ್‌ವಾಚ್ ಪರೀಕ್ಷೆ ಮಾಡುವುದಕ್ಕೆ ಮಾತ್ರ. ಪ್ರತಿ ಸುತ್ತಿಗೂ ಕೆಲಸ ಬದಲಾಗಲಿ.

ಮೊದಲ ದಿನ ಗಲಾಟೆ ಇರುತ್ತದೆ. ಕೆಲವರು ಮರಳು ಸುರಿಸುತ್ತಾರೆ, ಕೆಲವರು ಬಾಟಲಿಯಿಂದ ನೀರು ಬಿಡುತ್ತಾರೆ. ಯಾರಾದರೂ ಒಬ್ಬರು ದಾರಕ್ಕೆ ನಟ್ಟು ಕಟ್ಟಿ ತೂಗಾಡಿಸುತ್ತಾರೆ. ಆಗ ಖುಷಿಯಿಂದ ‘ಅದೇ ಲೋಲಕ!’ ಅನ್ನಬೇಡಿ. ಒಮ್ಮೆ ನಾನು ಅಂದುಬಿಟ್ಟೆ. ಐದು ನಿಮಿಷದಲ್ಲಿ ಎಲ್ಲ ಗುಂಪುಗಳೂ ಮರಳು, ನೀರು ಬಿಟ್ಟು ದಾರ ಹಿಡಿದವು. ಸರಿ ಉತ್ತರ ಯಾವುದು ಅಂತ ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಗಿಹೋಗಿತ್ತು. ಹೆಸರು ಆಮೇಲೆ ಹೇಳಿದರೆ ಆಯಿತು.

ಎರಡನೇ ವಾರ ನಿಜವಾದ ಕಲಿಕೆ ಶುರುವಾಗುತ್ತದೆ, ಏಕೆಂದರೆ ಲೆಕ್ಕಗಳು ಒಂದಕ್ಕೊಂದು ತಾಳೆ ಬೀಳುವುದಿಲ್ಲ. ಎರಡು ಗುಂಪುಗಳ ದಾರವೂ ಒಂದು ಮೀಟರ್. ಹತ್ತು ಸಲ ಹೋಗಿ ಬರಲು ಒಬ್ಬರಿಗೆ 20 ಸೆಕೆಂಡ್, ಇನ್ನೊಬ್ಬರಿಗೆ 18. ಜಗಳ ಹತ್ತಿಕೊಳ್ಳುತ್ತದೆ. ‘ಮಿಸ್, ಯಾರದ್ದು ಸರಿ?’ ಅಂತ ಕೇಳುತ್ತಾರೆ. ಉತ್ತರ ನಿಮಗೆ ಗೊತ್ತಿರುತ್ತದೆ. 18 ಬಂದವರು ನಟ್ಟು ಬಿಟ್ಟ ಕೂಡಲೇ ‘ಒಂದು’ ಅಂದಿದ್ದಾರೆ, ಹಾಗಾಗಿ ಎಣಿಸಿದ್ದು ಒಂಬತ್ತೇ ಸುತ್ತು. ಆದರೆ ಹೇಳಬೇಡಿ. ‘ನೀವಿಬ್ಬರೂ ಒಬ್ಬರೆದುರು ಒಬ್ಬರು ಎಣಿಸಿ ತೋರಿಸಿ’ ಅನ್ನಿ. ಕಳೆದ ಸಲ ಒಬ್ಬ ಹುಡುಗಿ ಮೂರನೇ ಸುತ್ತಿಗೇ ತಡೆದು, ‘ನೀನು ಒಂದರಿಂದ ಶುರು ಮಾಡಿದೆ, ಸೊನ್ನೆಯಿಂದ ಮಾಡಬೇಕು!’ ಅಂದಳು. ಆ ವರ್ಷವೆಲ್ಲ ಆ ತರಗತಿಯಲ್ಲಿ ಯಾರೂ ಮತ್ತೆ ಆ ತಪ್ಪು ಮಾಡಲಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ಮುಖ್ಯ. ಭಾರ ಹೆಚ್ಚಾದರೆ ಲೋಲಕ ನಿಧಾನ ಆಗುತ್ತದೆ ಅಂತ ಮಕ್ಕಳು ಪುರಾವೆ ಸಮೇತ ಬರುತ್ತಾರೆ. 25 ಸೆಂಟಿಮೀಟರ್ ದಾರಕ್ಕೆ ಒಂದು ನಟ್ಟು ಕಟ್ಟಿದಾಗ ಹತ್ತು ಸುತ್ತಿಗೆ 10 ಸೆಕೆಂಡ್, ಮೂರು ಕಟ್ಟಿದಾಗ ಸ್ವಲ್ಪ ಜಾಸ್ತಿ. ಅವರು ಸುಳ್ಳು ಹೇಳುತ್ತಿಲ್ಲ. ನಟ್ಟುಗಳನ್ನು ಒಂದರ ಕೆಳಗೆ ಒಂದು ಕಟ್ಟಿದ್ದಾರೆ, ಆದ್ದರಿಂದ ಭಾರದ ನಡುಬಿಂದು ಕೆಳಗಿಳಿದು ಲೋಲಕವೇ ಉದ್ದವಾಗಿದೆ. ಇಲ್ಲಿ ಪೇಪರ್ ಕ್ಲಿಪ್ಪನ್ನು ಕೊಕ್ಕೆಯಂತೆ ಬಗ್ಗಿಸಿ ಕೊಡಿ, ಮೂರನ್ನೂ ಅದರಲ್ಲೇ ಒಟ್ಟಿಗೆ ನೇತುಹಾಕಲು ಹೇಳಿ. ವ್ಯತ್ಯಾಸ ಮಾಯವಾಗುತ್ತದೆ. ಅದನ್ನು ನೋಡಿದ ಮಕ್ಕಳ ಮುಖ ನನಗೆ ತುಂಬಾ ಇಷ್ಟ. ತಮ್ಮದೇ ಪುರಾವೆಯನ್ನು ತಾವೇ ಮುರಿದಿರುತ್ತಾರೆ. ಒಂದು ವಿಷಯಕ್ಕೆ ಮಾತ್ರ ಮೊದಲೇ ಎಚ್ಚರ ಹೇಳಿ: ನಟ್ಟನ್ನು ಬಹಳ ದೂರ ಎಳೆದು ಬಿಡಬಾರದು. ಹಾಗೆ ಬಿಟ್ಟರೆ ಸುತ್ತಿಗೆ ಹಿಡಿಯುವ ಸಮಯ ನಿಜಕ್ಕೂ ಹೆಚ್ಚುತ್ತದೆ, ಎದುರಿಗಿದ್ದವರ ಮುಖಕ್ಕೂ ತಾಗಬಹುದು.

ಉದ್ದ ನಾಲ್ಕನೇ ಒಂದಾದರೆ ಸಮಯ ಅರ್ಧವಾಗುತ್ತದೆ ಎಂಬುದನ್ನು ಗ್ರಾಫಿನಲ್ಲಿ ಅವರೇ ಕಂಡುಕೊಳ್ಳುತ್ತಾರೆ. ಆಮೇಲೆ ಹೆಸರು ಕೊಡಿ, ಕಥೆಯನ್ನೂ ಹೇಳಿ. ಕ್ರಿಸ್ಟಿಯಾನ್ ಹೈಗನ್ಸ್ 1656ರಲ್ಲಿ ಲೋಲಕದ ಗಡಿಯಾರ ರೂಪಿಸಿದರು ಅಂದಾಗ ನಮ್ಮ ಮಕ್ಕಳು, ‘ಅವರ ನಟ್ಟು ನಿಂತುಹೋಗುತ್ತಿರಲಿಲ್ವಾ?’ ಅಂತ ಕೇಳಿದರು. ತಮ್ಮದು ನಿಂತುಹೋಗಿ ಬೇಸತ್ತವರಿಗೆ ಮಾತ್ರ ಬರುವ ಪ್ರಶ್ನೆ ಅದು. ಇಳಿಯುವ ತೂಕವೊಂದು ಲೋಲಕವನ್ನು ಪ್ರತಿ ಸಲ ಸ್ವಲ್ಪ ತಳ್ಳುತ್ತಿತ್ತು ಅಂತ ವಿವರಿಸಿದಾಗ ಎಲ್ಲರೂ ಕಿವಿಗೊಟ್ಟು ಕೇಳಿದರು.

ಅಂಕ ಕೊಡುವಾಗ ಸಾಧನದ ಅಂದ ನೋಡಬೇಡಿ. ನಾನು ನೋಡುವುದು ಮಕ್ಕಳ ನೋಟ್‌ಬುಕ್ಕನ್ನು: ಏನು ಬದಲಿಸಿದರು, ಏಕೆ ಬದಲಿಸಿದರು, ಆಮೇಲೆ ಏನಾಯಿತು. ತಪ್ಪಿದ ಪ್ರಯತ್ನವನ್ನು ಅಳಿಸಬಾರದು, ಒಂದು ಗೆರೆ ಎಳೆದರೆ ಸಾಕು. ಪೋಷಕರು ‘ಆಟ ಆಡಿಸ್ತಾ ಇದ್ದೀರಾ?’ ಅಂತ ಕೇಳಿದಾಗಲೂ ಇದೇ ನೋಟ್‌ಬುಕ್ ತೆರೆದು ತೋರಿಸುತ್ತೇನೆ. ಇದು ಹೊಸ ಫ್ಯಾಷನ್ನೇನಲ್ಲ ಅಂತಲೂ ಹೇಳುತ್ತೇನೆ. ಜಾನ್ ಡ್ಯೂಯಿ ಶಿಕಾಗೋದಲ್ಲಿ 1896ರಲ್ಲೇ ಶುರು ಮಾಡಿದ ಶಾಲೆಯಲ್ಲಿ ಮಕ್ಕಳು ಮರಗೆಲಸ, ಅಡುಗೆ, ನೇಯ್ಗೆ ಮಾಡುತ್ತಲೇ ಪಾಠ ಕಲಿಯುತ್ತಿದ್ದರು.

ಮೂರನೇ ವಾರ ಪರೀಕ್ಷೆ. ಪ್ರತಿ ಗುಂಪೂ ಎಲ್ಲರೆದುರು ತನ್ನ ಒಂದು ನಿಮಿಷ ಅಳೆಯಬೇಕು. ಮುಗಿದ ಮೇಲೆ ಇನ್ನೊಂದು ಕೇಳಿ: ‘ಇದೇ ಸಾಧನದಲ್ಲಿ ಅರ್ಧ ನಿಮಿಷ ಅಳೆಯಿರಿ.’ ಲೋಲಕದವರು ಅರ್ಧದಷ್ಟು ಎಣಿಸಿ ಗೆಲ್ಲುತ್ತಾರೆ. ತಳದಲ್ಲಿ ತೂತಿರುವ ನೇರ ಬಾಟಲಿಯವರು ಅರ್ಧ ನೀರು ಹಾಕಿ ನೋಡುತ್ತಾರೆ. ಅದು ಖಾಲಿಯಾಗಲು 30 ಅಲ್ಲ, ಸುಮಾರು 42 ಸೆಕೆಂಡ್ ಹಿಡಿಯುತ್ತದೆ. ಕಾರಣ ಹೇಳಬೇಡಿ. ಮತ್ತೆ ಪೂರ್ತಿ ತುಂಬಿಸಿ, ಕೈಗೊಂದು ಮಾರ್ಕರ್ ಕೊಡಿ, ಹತ್ತು ಸೆಕೆಂಡಿಗೊಮ್ಮೆ ನೀರಿನ ಮಟ್ಟಕ್ಕೆ ಗೆರೆ ಹಾಕಲಿ. ಕೆಳಗೆ ಹೋದಂತೆ ಗೆರೆಗಳು ಹತ್ತಿರ ಹತ್ತಿರ ಬರುತ್ತವೆ. ಅದನ್ನು ನೋಡುತ್ತಾ ಅವರು ಮಾತಾಡಿಕೊಳ್ಳಲಿ, ನೀವು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ.