ಟ್ರೇಲರ್ ಬಿಟ್ಟು ಸಿನಿಮಾಕ್ಕೆ ಹೋಗಿ
ಹೆಸರೇ ಕೇಳದ ಸಿನಿಮಾಕ್ಕೆ ಹೋಗೋದಿದ್ರೆ ಟ್ರೇಲರ್, ರೇಟಿಂಗ್ ಎರಡೂ ನೋಡಬೇಡಿ. ನೋಡಿ ಬಂದವರನ್ನ ಒಂದೇ ಮಾತು ಕೇಳಿ: ‘ಇಂಟರ್ವಲ್ ಆದ್ಮೇಲೆ ಎಳೀತದಾ?’ ಇಲ್ಲ ಅಂದ್ರೆ ಟಿಕೆಟ್ ತಗೊಳ್ಳಿ. ಎರಡೂವರೆ ನಿಮಿಷದ ಟ್ರೇಲರ್‌ನಲ್ಲೇ ಒಳ್ಳೆ ಜೋಕು, ಕಥೆಯ ತಿರುವು ಎಲ್ಲ ಸುರಿದಿರ್ತಾರೆ. ಆಮೇಲೆ ಥೇಟರಿನಲ್ಲಿ ಉಳಿಯೋದು ಮಿರ್ಚಿ ಇಲ್ಲದ ಮಂಡಕ್ಕಿ. ಸ್ಟಾರ್ ಸಿನಿಮಾಕ್ಕೆ ಇದು ನಡೆಯಲ್ಲ, ಥೇಟರ್ ಮುಂದಿನ ಕಟೌಟೇ ನಿರೀಕ್ಷೆ ಏರಿಸಿರ್ತದೆ. ಮಕ್ಕಳನ್ನ ಕರ್ಕೊಂಡು ಹೋಗೋರು ಸೆನ್ಸಾರ್ ಸರ್ಟಿಫಿಕೇಟ್ ಮಾತ್ರ ನೋಡ್ಕೊಳ್ಳಿ: 2024ರ ನಿಯಮದಂತೆ ಯು/ಎ (ಅಪ್ಪ-ಅಮ್ಮ ನೋಡಿ ತೀರ್ಮಾನ ಮಾಡ್ಬೇಕಾದ ಸಿನಿಮಾ) ಜೊತೆ 7+, 13+, 16+ ಅಂತ ವಯಸ್ಸೂ ಇರ್ತದೆ. ಹಾಂ, ಸಣ್ಣ ಸಿನಿಮಾನ ಮುಂದಿನ ವಾರಕ್ಕೆ ಇಡಬೇಡಿ. ಶುಕ್ರವಾರ ಬಂದದ್ದು ನಮ್ಮ ದಾವಣಗೆರೆಲಿ ಗುರುವಾರದ ಹೊತ್ತಿಗೆ ಎಷ್ಟೋ ಸಲ ಒಂದೇ ಶೋಗೆ ಇಳಿದಿರ್ತದೆ, ಅದೂ ಯಾರಿಗೂ ಪುರುಸೊತ್ತಿಲ್ಲದ ಹೊತ್ತಲ್ಲಿ.