ಬಣ್ಣ ಆಮೇಲೆ, ಮೊದಲು ಬೆಳ್ಳಿಯ ಮೈ: ಹಳೇ ನಾಣ್ಯವನ್ನು ನಾನು ನೋಡುವ ಬಗೆ

ಹಳೇ ಬೆಳ್ಳಿ ನಾಣ್ಯ ಕೈಗೆ ಬಂದರೆ ಮೊದಲು ಕೋಣೆಯ ದೊಡ್ಡ ದೀಪ ಆರಿಸುತ್ತೇನೆ. ಮೇಜಿನ ಮೇಲೆ ಒಂದೇ ಬಲ್ಬ್ ಉರಿಯುತ್ತಿದ್ದರೆ ಸಾಕು. ಟ್ಯೂಬ್‌ಲೈಟಿನ ಬೆಳಕು ಎಲ್ಲ ಕಡೆಗೂ ಹರಡಿಕೊಳ್ಳುತ್ತದೆ, ಅದರಲ್ಲಿ ಸಣ್ಣ ಗೀರುಗಳು ಕಾಣುವುದೇ ಇಲ್ಲ. ಕೆಳಗೆ ಮೆತ್ತಗಿನ ಬಟ್ಟೆ ಹಾಸಿ, ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿದು, ದೀಪದ ಕೆಳಗೆ ನಿಧಾನವಾಗಿ ಓರೆ ಮಾಡುತ್ತಾ ತಿರುಗಿಸುತ್ತೇನೆ. ಭೂತಗನ್ನಡಿ ಆಮೇಲೆ. ಮೊದಲು ಬರೀ ಕಣ್ಣು.

ವರ್ಷಗಳು ಕಳೆದಂತೆ ಮೈಮೇಲೆ ಬಣ್ಣ ಬಂದ ನಾಣ್ಯ ನೋಡಿದ ತಕ್ಷಣ ಮನಸ್ಸು ಆ ನೀಲಿ, ಆ ಚಿನ್ನದ ಬಣ್ಣದ ಹಿಂದೆ ಹೋಗಿಬಿಡುತ್ತದೆ. ನಾನು ಬೇಕಂತಲೇ ಅದನ್ನು ಪಕ್ಕಕ್ಕಿಡುತ್ತೇನೆ. ಬಣ್ಣದ ಕೆಳಗಿರುವ ಲೋಹ ಹೇಗಿದೆ ಅನ್ನುವುದು ಗೊತ್ತಾಗದೆ ಬಣ್ಣದ ಬಗ್ಗೆ ಏನೂ ಹೇಳಲು ಬರುವುದಿಲ್ಲ.

ಅಚ್ಚು ಬಂದು ಬಡಿದಾಗ ಬೆಳ್ಳಿ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಆ ಹರಿವಿನ ಗುರುತಾಗಿ ಕೂದಲಿಗಿಂತ ಸಣ್ಣ ಗೆರೆಗಳು ಉಳಿಯುತ್ತವೆ. ಲಸ್ಟರ್, ಅಂದರೆ ಅಚ್ಚು ಬಿದ್ದಾಗಿನ ಮೂಲ ಹೊಳಪು, ಹುಟ್ಟುವುದು ಇಲ್ಲಿಂದಲೇ. ಓರೆ ಮಾಡಿ ತಿರುಗಿಸಿದರೆ ಬೆಳಕಿನ ಪಟ್ಟಿಗಳು ಗಾಡಿ ಚಕ್ರದ ಅರೆಕಾಲುಗಳ ಹಾಗೆ ಸುತ್ತುತ್ತವೆ. ಜಾಸ್ತಿ ಕೈ ಬದಲಾದ ನಾಣ್ಯದಲ್ಲಿ ಉಬ್ಬಿದ ಜಾಗಗಳ ಮೇಲೆ ಈ ಓಟ ಕಡಿದುಹೋಗುತ್ತದೆ. ಪಾಲಿಶ್ ಮಾಡಿದ್ದರಲ್ಲಿ ಚಕ್ರವೇ ಇರುವುದಿಲ್ಲ, ಇಡೀ ಮೈ ಸುಮ್ನೆ ಮಿನುಗುತ್ತದೆ ಅಷ್ಟೇ. ಆಸಿಡ್ ದ್ರಾವಣದಲ್ಲಿ ಅದ್ದಿ ತೆಗೆದಿದ್ದರೆ ಬಿಳುಪೇನೋ ಇರುತ್ತದೆ, ಜೀವ ಇರುವುದಿಲ್ಲ. ಪ್ರತಿ ಸಲ ಅದ್ದಿದಾಗಲೂ ಮೇಲಿನ ಒಂದು ತೆಳು ಪದರ ಹೋಗುತ್ತದೆ, ಅದರ ಜೊತೆ ಆ ಗೆರೆಗಳೂ ಹೋಗುತ್ತವೆ.

ಸವಕಳಿ ಗುರುತಿಸುವಾಗ ಎಲ್ಲರಿಗೂ ಗೊಂದಲ ಆಗುವ ಜಾಗ ಒಂದಿದೆ. ಅಮೆರಿಕದ ಮಾರ್ಗನ್ ಡಾಲರನ್ನೇ ತೆಗೆದುಕೊಳ್ಳಿ. 26.73 ಗ್ರಾಂ ತೂಕ, ಅದರಲ್ಲಿ ಶೇಕಡಾ 90 ಬೆಳ್ಳಿ. ನ್ಯೂ ಆರ್ಲಿಯನ್ಸ್ ಟಂಕಸಾಲೆಯಿಂದ ಬಂದ ಎಷ್ಟೋ ಮಾರ್ಗನ್‌ಗಳಲ್ಲಿ ಮುಂದಿರುವ ಹೆಣ್ಣಿನ ತಲೆಯ ಕಿವಿಯ ಮೇಲಿನ ಕೂದಲು ಅಳಿಸಿದ ಹಾಗಿರುತ್ತದೆ. ಹಿಂದೆ ತಿರುಗಿಸಿದರೆ ಹದ್ದಿನ ಎದೆಯ ಗರಿಗಳೂ ಹಾಗೇ ಇರುತ್ತವೆ. ಸವೆದಿದೆ ಅಂತ ಬದಿಗಿಡುವ ಮೊದಲು ಆ ಜಾಗವನ್ನು ಹತ್ತು ಪಟ್ಟು ದೊಡ್ಡದು ಮಾಡಿ ನೋಡುತ್ತೇನೆ. ಅಲ್ಲೂ ಲಸ್ಟರ್ ಓಡುತ್ತಿದೆಯಾ? ಅಚ್ಚು ಬೀಳುವ ಮೊದಲಿನ ಖಾಲಿ ಬಿಲ್ಲೆಯ ಮೂಲ ಒರಟುತನ, ಪುಟ್ಟ ಗೀಚುಗಳು ಉಳಿದಿವೆಯಾ? ಹಾಗಿದ್ದರೆ ಅದು ಸವಕಳಿ ಅಲ್ಲ, ಅಚ್ಚಿನ ಒತ್ತು ಸಾಲದೆ ಲೋಹ ಅಚ್ಚಿನ ಗುಳಿಯೊಳಗೆ ತುಂಬಿಕೊಂಡೇ ಇಲ್ಲ. ಕೂದಲು, ಎದೆ ಎರಡೂ ನಾಣ್ಯದ ಹಿಂದೆ ಮುಂದೆ ಎದುರುಬದುರು ಬರುತ್ತವೆ, ಹಾಗಾಗಿ ಕೊರತೆ ಎರಡೂ ಕಡೆ ಒಟ್ಟಿಗೆ ಕಾಣುತ್ತದೆ. ನಿಜವಾಗಿ ಸವೆದಿದ್ದರೆ ಆ ಜಾಗ ನುಣುಪಾಗಿ, ಮಂಕು ಬೂದು ಬಣ್ಣವಾಗಿ, ಸುತ್ತಲಿನ ಬಣ್ಣದಿಂದ ಬೇರೆಯಾಗಿ ನಿಲ್ಲುತ್ತದೆ.

ಅಂಕ ಕೊಡುವುದು ಇಷ್ಟಾದ ಮೇಲೆ. ನಾಣ್ಯಕ್ಕೆ 1ರಿಂದ 70ರವರೆಗೆ ಅಂಕ ಕೊಡುವ ಪದ್ಧತಿಯನ್ನು ವಿಲಿಯಂ ಶೆಲ್ಡನ್ 1949ರಲ್ಲಿ ಅಮೆರಿಕದ ಹಳೇ ತಾಮ್ರದ ಸೆಂಟ್‌ಗಳಿಗಾಗಿ ತಂದರು. ಈಗ ಅದು ಬೇರೆ ಹೆಚ್ಚಿನ ನಾಣ್ಯಗಳಿಗೂ ನಡೆಯುತ್ತದೆ. 60ರಿಂದ ಮೇಲೆ ಅಂದರೆ ಚಲಾವಣೆಯ ಸವಕಳಿ ಇಲ್ಲ ಅಂತ ಅರ್ಥ. ಆದರೆ ಚೀಲದಲ್ಲಿ ಒಂದಕ್ಕೊಂದು ತಾಗಿದ ಗುರುತುಗಳು ಜಾಸ್ತಿ ಇರುವ 61ಕ್ಕಿಂತ ಚೊಕ್ಕವಾದ 58 ಎಷ್ಟೋ ಸಲ ಕಣ್ಣಿಗೆ ಚೆಂದ. ನನಗಂತೂ ಅಂಥ 58ರ ಮೇಲೇ ಪ್ರೀತಿ.

ಈಗ ಬಣ್ಣ. ಗಾಳಿಯಲ್ಲಿ, ಕಾಗದದಲ್ಲಿ, ರಟ್ಟಿನಲ್ಲಿ ಇರುವ ಗಂಧಕದ ಅಂಶ ಬೆಳ್ಳಿಗೆ ತಗುಲಿ ಸಿಲ್ವರ್ ಸಲ್ಫೈಡಿನ ಪದರ ಕೂರುತ್ತದೆ. ಪದರದ ದಪ್ಪಕ್ಕೆ ತಕ್ಕಂತೆ ಬಣ್ಣ ಬದಲಾಗುತ್ತದೆ. ಸೋಪಿನ ಗುಳ್ಳೆಯಲ್ಲಿ ಬಣ್ಣ ಕಾಣುವುದಕ್ಕೂ ಕಾರಣ ಇದೇ. ಮೊದಲು ತಿಳಿ ಹಳದಿ, ಆಮೇಲೆ ಚಿನ್ನ, ಕೆಂಗಂದು, ನೇರಳೆ, ನೀಲಿ. ಒಂದು ಸುತ್ತು ಮುಗಿದು ಮತ್ತೆ ಹಳದಿ, ಗುಲಾಬಿ, ಅದಾದ ಮೇಲೆ ಹಸಿರು. ಕೊನೆಗೆ ಬೂದು, ಕಪ್ಪು. ಈ ಸಾಲು ಬಾಯಿಪಾಠ ಇದ್ದರೆ ಅರ್ಧ ಕೆಲಸ ಆದಂತೆ. ಅಂಚಿನಲ್ಲಿ ನೀಲಿ, ಒಳಗೆ ಬಂದಂತೆ ನೇರಳೆ, ಕೆಂಗಂದು, ಚಿನ್ನ, ನಡುವೆ ಬಿಳಿ ಬೆಳ್ಳಿ: ಹೀಗೆ ಒಂದರೊಳಗೊಂದು ಕರಗುತ್ತಾ ಬಂದರೆ ರಟ್ಟಿನ ಆಲ್ಬಮ್ಮಿನಲ್ಲಿ ವರ್ಷಗಟ್ಟಲೆ ಕೂತ ನಾಣ್ಯ ಇರಬಹುದು ಅಂದುಕೊಳ್ಳುತ್ತೇನೆ. ಬಿಳಿ ಬೆಳ್ಳಿಯ ಪಕ್ಕದಲ್ಲೇ ಕಡು ನೀಲಿ, ನಡುವೆ ಹಳದಿಯ ಸುಳಿವೇ ಇಲ್ಲ ಅಂದರೆ ಅನುಮಾನ ಬರುತ್ತದೆ. ಬಿಸಿ ಮಾಡಿ, ಗಂಧಕದ ರಾಸಾಯನಿಕ ಹಚ್ಚಿ ಅವಸರದಲ್ಲಿ ಬರಿಸಿದ ಬಣ್ಣ ಹಾಗಿರುತ್ತದೆ.

ಮಾರ್ಗನ್ ಡಾಲರುಗಳು ಚೀಲಕ್ಕೆ 1000ದಂತೆ ಬಟ್ಟೆಯ ಚೀಲಗಳಲ್ಲಿ ದಶಕಗಟ್ಟಲೆ ಖಜಾನೆಯಲ್ಲಿ ಬಿದ್ದಿದ್ದವು. ಬಟ್ಟೆಗೆ ತಾಗಿದ ಒಂದೇ ಮುಖಕ್ಕೆ ಕಾಮನಬಿಲ್ಲು, ಇನ್ನೊಂದು ಮುಖ ಬೆಳ್ಳಗೆ. ಮೇಲೆ ಇನ್ನೊಂದು ನಾಣ್ಯ ಮುಚ್ಚಿಕೊಂಡಿದ್ದ ಕಡೆ ಬಿಲ್ಲಿನಾಕಾರದ ಬಿಳಿ ಜಾಗ. ಬಣ್ಣ ಹೀಗೆ ತಾನು ಬಂದ ದಾರಿಯನ್ನು ತಾನೇ ತೋರಿಸಬೇಕು.

ಆಮೇಲೆ ಅಕ್ಷರಗಳ ಬುಡ ನೋಡುತ್ತೇನೆ. ಸಹಜವಾಗಿ ಬಂದ ಬಣ್ಣ ಎಷ್ಟೋ ಸಲ ಅಕ್ಷರದ ಗೋಡೆಗೆ ಸ್ವಲ್ಪ ಮುಂಚೆಯೇ ನಿಂತುಬಿಡುತ್ತದೆ, ಅಲ್ಲಿ ತೆಳುವಾದ ಬಿಳಿ ಅಂಚು ಉಳಿಯುತ್ತದೆ. ಹಚ್ಚಿದ ಬಣ್ಣ ಅಕ್ಷರದ ಮೇಲೆ, ಕೆಳಗೆ, ಗೀರಿನೊಳಗೆ ಎಲ್ಲ ಕಡೆ ಒಂದೇ ಸಮ ಹರಿದಿರುತ್ತದೆ, ಮೈಮೇಲೆ ತೇಲಿದ ಹಾಗೆ. ಬಣ್ಣದ ಕೆಳಗೆ ಒಂದೇ ದಿಕ್ಕಿಗೆ ಓಡುವ ಸಣ್ಣ ಗೀರುಗಳು ಕಂಡರೆ ಯಾರೋ ಉಜ್ಜಿದ್ದಾರೆ, ಬಣ್ಣ ಬಂದದ್ದು ಆಮೇಲೆ. ಆ ಬಣ್ಣ ಸಹಜವೇ ಇದ್ದರೂ ನಾಣ್ಯ ಮಾತ್ರ ಉಜ್ಜಿದ್ದೇ.

ತಾಮ್ರದಲ್ಲಿ ಕೆಂಪು, ಕೆಂಗಂದು, ಕಂದು ಅಂತ ಮೂರೇ ಹೆಸರು. ಹಳೇ ತಾಮ್ರ ಎಳೆ ಗುಲಾಬಿಯಾಗಿ ಹೊಳೆಯುತ್ತಿದ್ದರೆ ತಿಕ್ಕಿದ್ದಾರೆ ಅಂತಲೇ ಲೆಕ್ಕ. ಹಸಿರು ಕಂಡರೆ ಎರಡು ಬಗೆ ಇದೆ. ಗಟ್ಟಿಯಾಗಿ ಕಚ್ಚಿಕೊಂಡದ್ದು ಕಿಲುಬು. ಅಂಟಂಟಾಗಿ ಇರುವುದು ಪಿವಿಸಿ ಕವರಿನಿಂದ ಬಂದದ್ದು, ಅದು ಶುದ್ಧ ಅಸಿಟೋನಿನಲ್ಲಿ ಕರಗುತ್ತದೆ. ಕಿಟಕಿ ತೆಗೆದು, ಬೆಂಕಿ ದೂರ ಇಟ್ಟು, ಗಾಜಿನ ಬಟ್ಟಲಲ್ಲಿ ಮುಳುಗಿಸಿಡುತ್ತೇನೆ. ಉಜ್ಜುವುದಿಲ್ಲ. ಸಹಜ ಟೋನಿಂಗ್, ಅಂದರೆ ತಾನಾಗಿ ಬಂದ ಬಣ್ಣ, ಅಸಿಟೋನಿಗೆ ಜಗ್ಗುವುದಿಲ್ಲ.

ಕೊನೆಗೆ ಚೀಟಿಯಲ್ಲಿ ಸ್ಥಿತಿ ಒಂದು ಸಾಲು, ಬಣ್ಣ ಇನ್ನೊಂದು ಸಾಲು, ಬೇರೆ ಬೇರೆ ಬರೆಯುತ್ತೇನೆ. ಬಣ್ಣದ ಸಾಲಿನಲ್ಲಿ ‘ಸಹಜ’ ಅಂತ ಬರೆಯಲು ಕೈ ಬರದಿದ್ದರೆ ಖಾಲಿ ಬಿಟ್ಟು, ಇನ್ನೊಂದು ದಿನ ಹಗಲು ಬೆಳಕಿನಲ್ಲಿ ಮತ್ತೆ ನೋಡುತ್ತೇನೆ. ನಾಣ್ಯ ಪರೀಕ್ಷಿಸಿ ಅಂಕ ಕೊಡುವ ದೊಡ್ಡ ಗ್ರೇಡಿಂಗ್ ಸಂಸ್ಥೆಗಳೂ ಕೆಲವು ನಾಣ್ಯಗಳಿಗೆ ‘ಬಣ್ಣ ಅನುಮಾನಾಸ್ಪದ’ ಅಂತಷ್ಟೇ ಬರೆದು ಅಂಕ ಕೊಡದೆ ಕಳಿಸುತ್ತವೆ.