ಸ್ಲೀಪ್ ಸ್ಟಡಿಗೆ ಬರುವ ದಿನ ತಲೆಗೆ ಎಣ್ಣೆ ಬೇಡ

ನಾನು ಬೆಂಗಳೂರಿನ ಒಂದು ಸ್ಲೀಪ್ ಲ್ಯಾಬ್‌ನಲ್ಲಿ ರಾತ್ರಿ ಪಾಳಿಯ ಟೆಕ್ನಿಷಿಯನ್. ಹನ್ನೊಂದು ವರ್ಷ ಆಯ್ತು. ನಿದ್ದೆಗೂ ಮನಸ್ಸಿನ ಕಾಯಿಲೆಗೂ ಇರುವ ನಂಟಿನ ಮೇಲೆ ಸಂಶೋಧನೆ ನಡೆದಾಗ, ಬಂದವರ ತಲೆಗೆ ವೈರ್ ಅಂಟಿಸಿ, ಬೆಳಗಾಗುವವರೆಗೆ ಪಕ್ಕದ ಕೋಣೆಯಲ್ಲಿ ಕೂತು ಪರದೆ ನೋಡುವುದು ನನ್ನ ಕೆಲಸ. ಡಾಕ್ಟರು "ಒಂದು ಸ್ಟಡಿ ಇದೆ, ಸೇರ್ತೀರಾ?" ಎಂದು ಕೇಳಿದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಕೂತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಪ್ಪಿಗೆ ಪತ್ರ. ಅದನ್ನು ಕನ್ನಡದಲ್ಲೇ ಕೇಳಿ. ಮನೆಗೆ ತೆಗೆದುಕೊಂಡು ಹೋಗಿ ಓದಿ, ಆಮೇಲೆ ಸಹಿ ಹಾಕಿ. ನಾನು ಮೊದಲು ಕೆಲಸ ಮಾಡುತ್ತಿದ್ದ ಒಂದು ಕಡೆ ರಾತ್ರಿ ಒಂಬತ್ತೂವರೆಗೆ, ವೈರ್ ಎಲ್ಲ ಅಂಟಿಸಿದ ಮೇಲೆ ಇಂಗ್ಲಿಷ್ ಕಾಗದ ಮುಂದೆ ಹಿಡಿಯುತ್ತಿದ್ದರು. ಚಳ್ಳಕೆರೆ ಕಡೆಯ ಒಬ್ಬ ಯಜಮಾನರು "ಎಲ್ಲಿ ಸೈನ್ ಹಾಕ್ಲಿ ತಾಯಿ?" ಎಂದಷ್ಟೇ ಕೇಳಿದರು. ಒಳಗೆ ಏನು ಬರೆದಿದೆ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಎಷ್ಟು ರಾತ್ರಿ ಮಲಗಬೇಕು, ಈಗಿನ ಮಾತ್ರೆ ಬದಲಾಗುತ್ತದಾ, ಕ್ಯಾಮೆರಾ ಇರುತ್ತದಾ, ತೊಂದರೆ ಆದರೆ ಯಾರಿಗೆ ಫೋನ್ ಮಾಡಬೇಕು, ಇವೆಲ್ಲ ಆ ಪತ್ರದಲ್ಲಿ ಇರಬೇಕು. ನಡುವೆ ಯಾವಾಗ ಬೇಕಾದರೂ ಬಿಡಬಹುದು, ಬಿಟ್ಟರೂ ನಿಮ್ಮ ಮಾಮೂಲಿ ಚಿಕಿತ್ಸೆ ನಿಲ್ಲುವುದಿಲ್ಲ ಎಂಬ ಸಾಲು ಇದೆಯಾ ಅಂತ ಹುಡುಕಿ. ಮನಸ್ಸಿನ ಕಾಯಿಲೆ ಇದೆ ಎಂದ ಮಾತ್ರಕ್ಕೆ ಮನೆಯವರೇ ಸಹಿ ಹಾಕಿ ಮುಗಿಸುವ ಹಾಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಸಂಶೋಧನೆಗೆ ಸೇರುವವರ ಸ್ವಂತ ಒಪ್ಪಿಗೆ ಬೇಕು. ಹೊಸ ಔಷಧಿಯನ್ನೋ ಚಿಕಿತ್ಸೆಯನ್ನೋ ಪರೀಕ್ಷಿಸುವ ಸ್ಟಡಿಯಾದರೆ ಅದರ ಸಿಟಿಆರ್‌ಐ ನಂಬರ್ ಕೇಳಿ. ಅದು 2007ರಲ್ಲಿ ಶುರುವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸುವ, ಇಂಥ ಸ್ಟಡಿಗಳ ನೋಂದಣಿ ಪಟ್ಟಿ. ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಎರಡು ಗುಂಪು ಇರುವ ಸ್ಟಡಿಯಲ್ಲಿ ನೀವು ಯಾವ ಗುಂಪಿಗೆ ಎಂದು ಡಾಕ್ಟರು ಆರಿಸುವುದಿಲ್ಲ. ಚೀಟಿ ಎತ್ತಿದ ಹಾಗೆ ಅದು ಬರುತ್ತದೆ.

ಸಹಿ ಆದ ಮೇಲೆ ಕೈಗೆ ನಿದ್ದೆ ಡೈರಿ ಬರುತ್ತದೆ. ಸಾಮಾನ್ಯವಾಗಿ ಒಂದೆರಡು ವಾರ ಬರೆಯಬೇಕು. ದಿನಕ್ಕೆ ಎರಡು ನಿಮಿಷ ಸಾಕು. ಆದರೆ ಅತಿ ಹೆಚ್ಚು ಹಾಳಾಗುವುದು ಇದೇ. ಸ್ಟಡಿಗೆ ಬರುವ ದಿನ ಆಟೋದಲ್ಲಿ ಕೂತು ಹದಿನಾಲ್ಕು ದಿನದ್ದನ್ನೂ ಒಂದೇ ಪೆನ್ನಿನಲ್ಲಿ ತುಂಬಿಸಿ ತರುತ್ತಾರೆ. ಎಲ್ಲ ದಿನವೂ ಹತ್ತಕ್ಕೆ ಮಲಗಿದೆ, ಆರಕ್ಕೆ ಎದ್ದೆ. ನೋಡಿದ ಕೂಡಲೇ ಗೊತ್ತಾಗುತ್ತದೆ.

ಹೀಗೆ ಮಾಡಿ. ಬೆಳಿಗ್ಗೆ ಎದ್ದು ಮುಖ ತೊಳೆದ ಮೇಲೆ, ಕಾಫಿ ಕುಡಿಯುತ್ತಾ ಬರೆಯಿರಿ. ಹಾಸಿಗೆಗೆ ಹೋದದ್ದು ಎಷ್ಟು ಗಂಟೆಗೆ, ನಿದ್ದೆ ಹತ್ತಲು ಸುಮಾರು ಎಷ್ಟು ಹೊತ್ತು ಹಿಡಿಯಿತು, ನಡುವೆ ಎಷ್ಟು ಸಲ ಎಚ್ಚರ, ಕೊನೆಗೆ ಎಚ್ಚರ ಆದದ್ದು ಯಾವಾಗ, ಹಾಸಿಗೆ ಬಿಟ್ಟದ್ದು ಯಾವಾಗ. ಕೊನೆಯ ಎರಡು ಬೇರೆ ಬೇರೆ, ನೆನಪಿಡಿ. ನಾಲ್ಕಕ್ಕೆ ಎಚ್ಚರವಾಗಿ ಆರರವರೆಗೆ ಸುಮ್ನೆ ಸೂರು ನೋಡುತ್ತಾ ಮಲಗಿದ್ದರೆ, ಆ ಎರಡು ಗಂಟೆ ನಮಗೆ ತುಂಬ ಮುಖ್ಯ. ಖಿನ್ನತೆ ಇರುವವರಲ್ಲಿ ಹೀಗೆ ನಸುಕಿಗೇ ಎಚ್ಚರವಾಗುವುದು ಜಾಸ್ತಿ.

ರಾತ್ರಿ ಗಡಿಯಾರ ನೋಡಬೇಡಿ. ಅಂದಾಜು ಸಾಕು. ನಿಮಿಷ ಲೆಕ್ಕ ಹಾಕಲು ಹೋದರೆ ಬರುವ ನಿದ್ದೆಯೂ ಹೋಗುತ್ತದೆ. ಹತ್ತರಿಂದ ಆರು ಅಂದರೆ ಎಂಟು ಗಂಟೆ ಹಾಸಿಗೆಯಲ್ಲಿ. ಅದರಲ್ಲಿ ಐದು ಗಂಟೆ ನಿದ್ದೆ ಬಂದಿದ್ದರೆ ನೂರಕ್ಕೆ ಅರವತ್ತೆರಡೂವರೆ ಪಾಲು. ಎಂಬತ್ತೈದು ದಾಟಿದರೆ ಚೆನ್ನಾಗಿದೆ ಎನ್ನುತ್ತೇವೆ. ಚಿಕಿತ್ಸೆ ಕೆಲಸ ಮಾಡಿತಾ ಇಲ್ಲವಾ ಅನ್ನುವುದನ್ನು ಎಷ್ಟೋ ಸಲ ಈ ಲೆಕ್ಕದಿಂದಲೇ ನೋಡುತ್ತಾರೆ. ಮಧ್ಯಾಹ್ನದ ಜೊಂಪು, ಸಂಜೆ ಐದರ ಫಿಲ್ಟರ್ ಕಾಫಿ, ಎಲೆಅಡಿಕೆ, ಹೊಗೆಸೊಪ್ಪು, ಕುಡಿತ, ಎಲ್ಲವನ್ನೂ ಬರೆಯಿರಿ. ಯಾರೂ ಬೈಯುವುದಿಲ್ಲ.

ಮಾತ್ರೆಗಳ ವಿಷಯ ಬಂದರೆ ನಾನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಟೆಸ್ಟ್ ಚೆನ್ನಾಗಿ ಬರಲಿ ಎಂದು ನೀವೇ ಮಾತ್ರೆ ನಿಲ್ಲಿಸಬೇಡಿ. ಆತಂಕಕ್ಕೆ, ನಿದ್ದೆಗೆ ಕೊಡುವ ಕ್ಲೋನಜೆಪಾಮ್ ಮಾತ್ರೆಯನ್ನು ದಿನಾ ತೆಗೆದುಕೊಳ್ಳುವವರು ದಿಢೀರನೆ ಬಿಟ್ಟರೆ ಫಿಟ್ಸ್ ಬರುವ ಅಪಾಯವಿದೆ. ಖಿನ್ನತೆಯ ಅನೇಕ ಮಾತ್ರೆಗಳು ಕನಸಿನ ನಿದ್ದೆಯನ್ನು ತಡಮಾಡುತ್ತವೆ, ಕಡಿಮೆಯೂ ಮಾಡುತ್ತವೆ. ಸಾಮಾನ್ಯವಾಗಿ ಮಲಗಿ ತೊಂಬತ್ತು ನಿಮಿಷದ ಆಸುಪಾಸಿನಲ್ಲಿ ಬರುವ ಈ ನಿದ್ದೆ, ಖಿನ್ನತೆಯಲ್ಲಿ ಎಷ್ಟೋ ಜನರಿಗೆ ಬೇಗ ಬರುತ್ತದೆ. ಹಾಗಾಗಿ ನೀವು ಏನು ನುಂಗುತ್ತಿದ್ದೀರಿ ಎಂದು ಗೊತ್ತಿಲ್ಲದಿದ್ದರೆ ನಾವು ನೋಡುತ್ತಿರುವುದು ಕಾಯಿಲೆಯನ್ನೋ ಮಾತ್ರೆಯನ್ನೋ ತಿಳಿಯುವುದಿಲ್ಲ. ಮೆಡಿಕಲ್ ಶಾಪ್‌ನಿಂದ ತಂದ ನೆಗಡಿ ಮಾತ್ರೆ, ಅಶ್ವಗಂಧ ಪುಡಿ, ಎಲ್ಲವನ್ನೂ ಒಂದು ಕವರಿನಲ್ಲಿ ಹಾಕಿ ತನ್ನಿ.

ಇನ್ನೊಂದು. ಹಾಸಿಗೆಯ ಸಮಯವನ್ನು ಕಡಿಮೆ ಮಾಡುವ ಒಂದು ಚಿಕಿತ್ಸೆ ಇದೆ. ನಿದ್ದೆ ಬಾರದವರಿಗೆ ಒಳ್ಳೆಯದೇ. ಆದರೆ ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ವಿಪರೀತ ಏರಿ ಒಮ್ಮೆ ಕುಸಿಯುವ ಕಾಯಿಲೆ, ಇರುವವರಿಗೆ ನಿದ್ದೆ ಕಡಿಮೆಯಾದರೆ ಆ ಏರುವ ಸ್ಥಿತಿ (ಮೇನಿಯಾ) ಶುರುವಾಗಬಹುದು. ಹಿಂದೆ ಯಾವಾಗಲಾದರೂ ದಿನಗಟ್ಟಲೆ ನಿದ್ದೆ ಇಲ್ಲದೆಯೂ ಸುಸ್ತಾಗದೆ ಓಡಾಡಿದ್ದರೆ, ವಿಪರೀತ ಖರ್ಚು ಮಾಡಿದ್ದರೆ, ಅದನ್ನು ಸೇರುವ ಮೊದಲೇ ಹೇಳಿ.

ಪ್ರಶ್ನೆಪತ್ರಿಕೆಗಳೂ ಇರುತ್ತವೆ. ಖಿನ್ನತೆ ಎಷ್ಟಿದೆ ಎಂದು ಅಳೆಯುವ ಪಿಎಚ್‌ಕ್ಯೂ-9 ಎಂಬುದರಲ್ಲಿ ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಅಲ್ಲಿಗೆ ಬಂದ ಕೂಡಲೇ ಪೆನ್ನು ನಿಲ್ಲುವುದನ್ನು ನಾನು ನೋಡಿದ್ದೇನೆ. "ಬರೆದರೆ ಸ್ಟಡಿಯಿಂದ ತೆಗೀತೀರಾ?" ಎಂದು ಒಬ್ಬ ಹುಡುಗ ಕೇಳಿದ್ದ. ತೆಗೆಯಬಹುದು. ಆದರೂ ಬರೆಯಿರಿ. ಡಾಕ್ಟರು ಅವತ್ತೇ ನಿಮ್ಮ ಜೊತೆ ಕೂರಬೇಕು, ಅದು ಅವರ ಕರ್ತವ್ಯ. ಮನೆಯಲ್ಲಿದ್ದಾಗ ಹಾಗೆ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲೂ ರಾತ್ರಿಯೂ ಇರುತ್ತದೆ. ಕನ್ನಡದಲ್ಲೇ ಮಾತಾಡಬಹುದು.

ಇನ್ನು ಆ ರಾತ್ರಿ. ಹಿಂದಿನ ದಿನ ಅಥವಾ ಅದೇ ಬೆಳಿಗ್ಗೆ ತಲೆಸ್ನಾನ ಮಾಡಿ, ಎಣ್ಣೆ ಹಚ್ಚಬೇಡಿ. ಕೊಬ್ಬರಿ ಎಣ್ಣೆ ಇದ್ದರೆ ಪೇಸ್ಟ್ ಹಿಡಿಯುವುದಿಲ್ಲ. ನಡುರಾತ್ರಿ ವೈರ್ ಕಿತ್ತು ಬಂದರೆ ನಾನು ನಿಮ್ಮನ್ನು ಎಬ್ಬಿಸಬೇಕಾಗುತ್ತದೆ. ಮುಡಿದ ಹೂವು ಮನೆಯಲ್ಲೇ ಇರಲಿ. ಒಂದು ಬೆರಳಿಗಾದರೂ ನೈಲ್ ಪಾಲಿಶ್, ಮೆಹಂದಿ ಬೇಡ, ಆಮ್ಲಜನಕ ಅಳೆಯುವ ಕ್ಲಿಪ್ ಅಲ್ಲಿಗೆ ಬರುತ್ತದೆ. ಸಡಿಲವಾದ ನೈಟಿ ಅಥವಾ ಲುಂಗಿ ತನ್ನಿ. ನಿಮ್ಮ ದಿಂಬು ತಂದರೆ ಇನ್ನೂ ಒಳ್ಳೆಯದು. ಮಹಿಳೆಯರು ಮಹಿಳಾ ಟೆಕ್ನಿಷಿಯನ್ ಬೇಕೆಂದು ಮೊದಲೇ ಕೇಳಬಹುದು.

ತಲೆ, ಕಣ್ಣಿನ ಪಕ್ಕ, ಗದ್ದ, ಎದೆ, ಕಾಲು, ಹೀಗೆ ಅಂಟಿಸಲು ಮುಕ್ಕಾಲು ಗಂಟೆ ಹಿಡಿಯುತ್ತದೆ. ಈ ಹೊತ್ತಿನಲ್ಲೇ ಎಲ್ಲರ ಭಯ ಹೊರಗೆ ಬರುವುದು. ಹಾವೇರಿಯಿಂದ ಮಗನನ್ನು ಕರೆತಂದಿದ್ದ ತಾಯಿಯೊಬ್ಬರು ನನ್ನ ಕೈ ಹಿಡಿದು "ಕರೆಂಟ್ ಕೊಡ್ತೀರೇನವ್ವಾ?" ಎಂದರು. ಇಲ್ಲ. ನಾವು ಏನನ್ನೂ ಒಳಗೆ ಕಳಿಸುವುದಿಲ್ಲ. ಮೆದುಳಿನಲ್ಲಿ ತಾನಾಗೇ ಹುಟ್ಟುವ ತೀರಾ ಸಣ್ಣ ವಿದ್ಯುತ್ತನ್ನು ಬರೆದುಕೊಳ್ಳುತ್ತೇವೆ, ಅಷ್ಟೇ. ಮನುಷ್ಯರಲ್ಲಿ ಇದನ್ನು ಮೊದಲು ದಾಖಲಿಸಿದ್ದು 1924ರಲ್ಲಿ, ಜರ್ಮನಿಯ ಹಾನ್ಸ್ ಬರ್ಗರ್. ಅವರೂ ಮನೋವೈದ್ಯರೇ. ಯಾರೋ ತಮ್ಮ ಯೋಚನೆ ಓದುತ್ತಿದ್ದಾರೆ ಎಂಬ ಕಾಯಿಲೆಯ ಸಂಕಟ ಇರುವವರಿಗೆ ನಾನು ಪರದೆ ತೋರಿಸುತ್ತೇನೆ. "ಕಣ್ಣು ಮುಚ್ಚಿ, ತೆಗೆಯಿರಿ" ಎನ್ನುತ್ತೇನೆ. ಗೆರೆ ಬದಲಾಗುವುದು ಕಾಣುತ್ತದೆ. ಏನು ಯೋಚಿಸಿದರು ಎಂಬುದು ಅಲ್ಲಿ ಇಲ್ಲ. ನೀವೂ ಕೇಳಿ, ತೋರಿಸುತ್ತಾರೆ.

ಹೊಸ ಜಾಗ, ಮೈತುಂಬ ವೈರ್. ನಿದ್ದೆ ಕೆಟ್ಟೇ ಕೆಡುತ್ತದೆ ಅಲ್ವಾ? ಅದು ನಮಗೂ ಗೊತ್ತು. ಅದಕ್ಕೇ ಎಷ್ಟೋ ಸ್ಟಡಿಗಳಲ್ಲಿ ಎರಡು ರಾತ್ರಿ ಮಲಗಿಸುತ್ತಾರೆ, ಮೊದಲನೆಯದು ಅಭ್ಯಾಸಕ್ಕೆ. ಬಾತ್‌ರೂಮಿಗೆ ಹೋಗಬೇಕಾದರೆ ಕೂಗಿ, ವೈರ್‌ಗಳೆಲ್ಲ ಸೇರುವ ಡಬ್ಬಿ ಬಿಚ್ಚಿಕೊಡುತ್ತೇವೆ. ಮುಜುಗರ ಪಟ್ಟು ತಡೆದುಕೊಂಡು ಮಲಗಬೇಡಿ. ದಾಖಲೆಯನ್ನು ಆಮೇಲೆ ಮೂವತ್ತು ಸೆಕೆಂಡಿಗೆ ಒಂದು ಪುಟದಂತೆ ಓದುತ್ತೇವೆ. ಎಂಟು ಗಂಟೆಗೆ 960 ಪುಟ.

ಇಷ್ಟೆಲ್ಲ ಯಾಕೆ ಎಂದು ಕೇಳಿದವರಿಗೆ ನಾನು ಹೇಳುವುದು ಲಾಸ್ ಏಂಜಲೀಸ್‌ನ ಒಂದು ಸ್ಟಡಿ. 2022ರಲ್ಲಿ ಅಚ್ಚಾಯಿತು. ನಿದ್ದೆ ಬಾರದ, ಆದರೆ ಆಗ ಖಿನ್ನತೆ ಇರದ, ಅರವತ್ತು ದಾಟಿದ 291 ಜನ. ಎರಡು ತಿಂಗಳು ಒಂದು ಗುಂಪಿಗೆ ಮಾತ್ರೆ ಇಲ್ಲದ ನಿದ್ದೆ ಚಿಕಿತ್ಸೆ, ಇನ್ನೊಂದಕ್ಕೆ ನಿದ್ದೆಯ ಬಗ್ಗೆ ತಿಳಿವಳಿಕೆ ಮಾತ್ರ. ಮೂರು ವರ್ಷದಲ್ಲಿ ಮೊದಲ ಗುಂಪಿನಲ್ಲಿ ನೂರಕ್ಕೆ 12 ಜನರಿಗೆ ಖಿನ್ನತೆ ಬಂತು, ಎರಡನೆಯದರಲ್ಲಿ ಸುಮಾರು 26 ಜನರಿಗೆ. ಅವರು ಅಷ್ಟು ವರ್ಷ ಬೇಸರಪಡದೆ ಉತ್ತರ ಕೊಟ್ಟದ್ದರಿಂದ ಇದು ನಮಗೆ ಗೊತ್ತಾಯಿತು.

ಬೆಳಿಗ್ಗೆ ಆರಕ್ಕೆ ವೈರ್ ತೆಗೆಯುತ್ತೇವೆ. ಪೇಸ್ಟ್ ಬಿಸಿ ನೀರಿಗೆ ಹೋಗುತ್ತದೆ, ಶಾಂಪೂ ಎರಡು ಸಲ ಹಾಕಿ. ನಿಮ್ಮ ರಿಪೋರ್ಟ್ ನಿಮಗೆ ಕೊಡುತ್ತಾರಾ, ಯಾವಾಗ ಎಂದು ಹೊರಡುವ ಮೊದಲೇ ಕೇಳಿ. ಗೊರಕೆಯ ನಡುವೆ ಉಸಿರು ನಿಲ್ಲುವಂಥದ್ದು ಕಂಡಿದ್ದರೆ ಅದಕ್ಕೆ ಬೇರೆ ಚಿಕಿತ್ಸೆ ಬೇಕು. ಅವತ್ತು ಬೈಕ್ ಓಡಿಸಬೇಡಿ, ಕರೆದುಕೊಂಡು ಹೋಗಲು ಮನೆಯವರು ಯಾರಾದರೂ ಬರಲಿ.